ಬಿದಿರಿನ ಬುಡಕ್ಕೆ ಬೇಸಿಗೆಯಲ್ಲಿ ಮಲಗುವ ಗಿಡಗಳು

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಗುಡ್ಡದ ಮಗ್ಗುಲಲ್ಲಿದೆ. ಹಿತ್ತಿಲ ಧರೆಯ, ಅಂದರೆ ಕಡಿದಾದ ಮಣ್ಣು ದಿಬ್ಬದ, ಮೇಲೆ ಒಂದು ಬಿದಿರು ಮೆಳೆ. ನಮ್ಮ ಮಾವ 20 ವರ್ಷದ ಹಿಂದೆ ನೆಟ್ಟಿದ್ದು. ಮುಳ್ಳಿಲ್ಲದ ಜಾತಿ, ಗಳ ಹೆಚ್ಚುಕಮ್ಮಿ ಒಳಗೂ ಗಟ್ಟಿ. ಡೆಂಡ್ರೋಕ್ಯಾಲಮಸ್ ಸ್ಟಾಕ್ಸಿ ಅಂತ ಅದರ ಶಾಸ್ತ್ರೀಯ ಹೆಸರು. ನಮ್ಮ ಪಶ್ಚಿಮ ಘಟ್ಟದ್ದೇ ಬಿದಿರು. ಏಣಿಗೆ, ದೋಟಿಗೆ, ಮೆಣಸಿನ ಬಳ್ಳಿಯ ಆಸರೆಗೆ ವರ್ಷಾ ಐದಾರು ಗಳ ಕಡಿಯುತ್ತೇವೆ. ಮಳೆಗಾಲದಲ್ಲಿ ಎರಡು ಮೂರು ಸಲ ಕಳಲೆ (ಬಿದಿರಿನ ಎಳೆ ಮೊಳಕೆ) ಪಲ್ಯ ಆಗುತ್ತದೆ.

2022ರ ಮಳೆಗಾಲದಲ್ಲಿ ಆ ಮೆಳೆಯ ಬುಡದ ಮಣ್ಣು ಕೊಚ್ಚಿಕೊಂಡು ಕೆಳಗೆ ಬಂತು. ಬಚ್ಚಲ ನೀರು ಹೋಗುವ ಕಾಲುವೆ ಕೆಂಪು ಕೆಸರಲ್ಲಿ ಮುಚ್ಚಿಹೋಯಿತು. ಮೂರು ಸಲ ತೋಡಿದೆ, ಮೂರು ಸಲವೂ ತುಂಬಿತು. ಮಳೆ ಬಿಟ್ಟ ಮೇಲೆ ಹತ್ತಿ ನೋಡಿದರೆ ಬಿದಿರಿನ ಗಡ್ಡೆಗಳು ಅರ್ಧ ಹೊರಗೆ ಬಂದಿದ್ದವು. ಅವುಗಳ ಮಧ್ಯೆ ಒಂದು ಹುಲ್ಲುಕಡ್ಡಿ ಕೂಡ ಇರಲಿಲ್ಲ. ಬಿದಿರಿನ ಎಲೆಯಿಂದ ಬೀಳುವ ಹನಿ ಸಾಮಾನ್ಯ ಹನಿ ಅಲ್ಲ. ಮೇಲೆ ಎಲೆಯಿಂದ ಎಲೆಗೆ ಕೂಡಿಕೊಂಡು ದಪ್ಪಗಾಗಿ ಬೀಳುತ್ತದೆ. ಬರಿ ನೆಲ ಆ ಏಟು ತಾಳುವುದಿಲ್ಲ. ಅದರ ಜೊತೆ ಗಳದ ಮೈಮೇಲೆ ಇಳಿದು ಬರುವ ನೀರು ಬುಡದಲ್ಲೇ ಸಣ್ಣ ಕಾಲುವೆ ಕೊರೆಯುತ್ತದೆ.

ಆವಾಗ ತೀರ್ಮಾನ ಮಾಡಿದೆ: ಈ ಬುಡಕ್ಕೆ ಒಂದು ಹಸಿರು ಹೊದಿಕೆ ಬೇಕು. ಮೂರು ಮಳೆಗಾಲ ಹಿಡಿಯಿತು. ಯಾವ ಗಿಡ ಉಳಿಯಿತು, ಯಾವುದು ಹೋಯಿತು, ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಕೆಲಸ 2023ರ ಫೆಬ್ರವರಿಯಲ್ಲಿ. ಗಿಡ ತರುವ ಮುಂಚೆ ನೆಲ ನೋಡಬೇಕು ಅನ್ನಿಸಿತು. ಮೆಳೆಯ ಹೊರಗಿನ ಗಳದಿಂದ ನಾಲ್ಕು ಅಡಿ ದೂರದಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಚೌಕ ಗುರುತು ಹಾಕಿ ದರಕು, ಅಂದರೆ ಉದುರಿದ ಒಣ ಎಲೆ, ಎತ್ತಿದೆ. ಮೇಲಿನ ಎಲೆಗಳು ಹೊಸದು, ಹುಲ್ಲಿನ ಬಣ್ಣ. ಅದರ ಕೆಳಗಿನವು ಒಂದರ ಮೇಲೊಂದು ಅಂಟಿಕೊಂಡು ಹೆಂಚು ಹೊದಿಸಿದ ಹಾಗಿದ್ದವು. ತೀರಾ ಕೆಳಗೆ ಕಪ್ಪು ಪುಡಿ, ಅರ್ಧ ಇಂಚು ಮಾತ್ರ. ಆಮೇಲೆ ಗುದ್ದಲಿ ಹಾಕಿದೆ. ಗುದ್ದಲಿ ಒಳಗೇ ಹೋಗಲಿಲ್ಲ, ಚಾಪೆಗೆ ಹೊಡೆದ ಹಾಗೆ ಪುಟಿಯಿತು. ಕತ್ತಿಯಲ್ಲಿ ಕೊಯ್ದು ಒಂದು ಹೆಂಟೆ ಎತ್ತಿದೆ. ಅರ್ಧ ಅಡಿ ದಪ್ಪದ ಹೆಂಟೆ. ತಿರುಗಿಸಿ ಕೊಡವಿದರೂ ಮಣ್ಣು ಉದುರಲಿಲ್ಲ. ತೆಂಗಿನ ನಾರಿನ ಹಗ್ಗ ಬಿಚ್ಚಿ ಹರಡಿದ ಹಾಗೆ ಪೂರ್ತಿ ಬೇರು. ಕೈಯಲ್ಲಿ ಹಿಸುಕಿದರೆ ತೇವದ ಸುಳಿವೇ ಇಲ್ಲ. ಅಲ್ಲಿಂದ ಹತ್ತೇ ಹೆಜ್ಜೆ ದೂರದ ಹಲಸಿನ ಬುಡದಲ್ಲಿ ಅದೇ ದಿನ ಮಣ್ಣು ತಣ್ಣಗಿತ್ತು.

ನೆರಳು ಎಷ್ಟಿದೆ ಅಂತ ತಿಳಿಯಲು ಮಧ್ಯಾಹ್ನ 12 ಗಂಟೆಗೆ ಒಂದು ಬಿಳಿ ಪಂಚೆ ಹಾಸಿದೆ. ಪಂಚೆಯ ಮೇಲೆ ಬಿಸಿಲ ಚುಕ್ಕೆಗಳು ಓಡಾಡುತ್ತಿದ್ದವು. ಬುಡದ ಹತ್ತಿರ ಚುಕ್ಕೆ ಅಪರೂಪ. ಆರಡಿ ಆಚೆ ಪಂಚೆಯ ಕಾಲು ಭಾಗ ಬೆಳಕು. ಪಡುವಣದ ಅಂಚಿನಲ್ಲಿ ಸಂಜೆ ಒಂದೂವರೆ ತಾಸು ನೇರ ಬಿಸಿಲು. ಇದನ್ನೂ ಬರೆದುಕೊಂಡೆ. ಕೊನೆಗೆ ಒಂದು ಕೊಡ ನೀರು ದರಕಿನ ಮೇಲೆ ನಿಧಾನಕ್ಕೆ ಸುರಿದೆ. ನೀರು ಒಳಗೆ ಇಳಿಯಲಿಲ್ಲ, ಎಲೆಯ ಮೇಲೆ ಜಾರಿ ಇಳಿಜಾರಿಗೆ ಹೋಯಿತು. ಎಲೆ ಸರಿಸಿ ನೋಡಿದರೆ ಕೆಳಗೆ ಒಣ ಪುಡಿ ಹಾಗೇ ಇತ್ತು.

ಅಲ್ಲಿಗೇ ನನಗೆ ಅರ್ಥ ಆಗಬೇಕಿತ್ತು. ಬಿದಿರಿನ ಬುಡದಲ್ಲಿ ನೆರಳು ದೊಡ್ಡ ತೊಂದರೆ ಅಲ್ಲ. ಬೇರು ಮತ್ತು ಬಾಯಾರಿಕೆ ದೊಡ್ಡ ತೊಂದರೆ. ಆದರೆ ನಾನು ಆಗಲೂ ನೆರಳಿನ ಗಿಡಗಳನ್ನೇ ಹುಡುಕಿದೆ.

ಶಿವಮೊಗ್ಗದ ಒಂದು ನರ್ಸರಿಯಿಂದ ಪಿಂಟೋ ಕಡಲೆ ತಂದೆ. ಹಳದಿ ಹೂವಿನ, ನೆಲಗಡಲೆಯ ನೆಂಟನಾದ ಗಿಡ. ಅಡಿಕೆ ತೋಟಕ್ಕೆ ಹೊದಿಕೆಯಾಗಿ ಹಾಕುತ್ತಾರೆ, ಗಾಳಿಯಲ್ಲಿರುವ ಸಾರಜನಕ ಹಿಡಿಯುತ್ತದೆ, ಒಳ್ಳೆಯ ಗಿಡವೇ. ನಮ್ಮ ತೋಟದ ಬಸಿಗಾಲುವೆಯಿಂದ ಒಂದೆಲಗದ ಹಂಬು ಒಂದು ಬುಟ್ಟಿ ಕಿತ್ತು ತಂದೆ. ಧರೆಯ ಜರಿಗಿಡ ಹತ್ತು ಬುಡ. 2023ರಲ್ಲಿ ಮುಂಗಾರು ತಡ ಆಯಿತು, ಜೂನ್ ಅರ್ಧ ಕಳೆದರೂ ಮಳೆ ಹಿಡಿಯಲಿಲ್ಲ. ಆರಿದ್ರಾ ಮಳೆಯಲ್ಲಿ ನೆಟ್ಟೆ. ಜುಲೈನಲ್ಲಿ ಒಂದೆಲಗ ಎಷ್ಟು ಚೆಂದ ಹಬ್ಬಿತು ಅಂದರೆ ನೋಡಿದವರೆಲ್ಲ ಹಂಬು ಕೇಳಿದರು. ಆಗಸ್ಟ್ ಪೂರ್ತಿ ಒಣಗಿತು. ಆ ವರ್ಷ ರಾಜ್ಯದಲ್ಲೇ ಬರ. ಪಿಂಟೋ ಕಡಲೆ ಬಿಸಿಲ ಅಂಚಿನಲ್ಲಿ ಮಾತ್ರ ಹಸಿರಾಗಿ ಉಳಿಯಿತು. ಒಳಗೆ ಹಾಕಿದ್ದು ಕಾಲು ಉದ್ದ ಮಾಡಿಕೊಂಡು ಬೆಳಕಿನ ಕಡೆಗೆ ಹೊರಟು ಸೊರಗಿತು.

ಜನವರಿವರೆಗೂ ವಾರಕ್ಕೆರಡು ದಿನ ನೀರು ಹೊತ್ತೆ. ನನ್ನ ಗಿಡ ಉಳಿಯಲಿ ಅಂತ ಹಾಕಿದ ನೀರನ್ನು ಬಿದಿರೇ ಕುಡಿಯಿತು. ಫೆಬ್ರವರಿ ಕೊನೆಗೆ ಎಲೆ ಉದುರಲು ಶುರುವಾಯಿತು. ಮಾರ್ಚ್ ಹತ್ತರ ಹೊತ್ತಿಗೆ ಮೂರು ಇಂಚು ದರಕು. ಒಂದೆಲಗದ ಮೇಲೆ ಬಿದ್ದ ಎಲೆಯನ್ನು ದಿನಾ ಕೈಯಲ್ಲಿ ಹೆಕ್ಕುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಎಷ್ಟು ದಿನಾಂತ ಹೆಕ್ತೀಯೇ ಮಾರಾಯ್ತಿ? ಅದು ಬೀಳೋ ಕಾಲ, ಬೀಳುತ್ತೆ."

"ಹೆಕ್ಕದಿದ್ರೆ ಗಿಡ ಸಾಯುತ್ತೆ ಅತ್ತೆ."

"ಈ ಕಾಲದಲ್ಲಿ ಎಚ್ಚರ ಇರೋ ಗಿಡ ಯಾಕೆ ನೆಟ್ಟೆ? ಕಾನಲ್ಲಿ ಬಿದಿರಿನ ಬುಡದಲ್ಲಿ ಏನು ಹುಟ್ಟುತ್ತೆ ಅಂತ ಮೊದಲ ಮಳೆ ಬಿದ್ದ ಮೇಲೆ ಹೋಗಿ ನೋಡು."

ಅತ್ತೆ ಹೇಳಿದ ಆ ಒಂದು ಮಾತಿನಿಂದ ಈ ಕೆಲಸ ಪೂರ್ತಿ ತಿರುಗಿತು. ಮಾರ್ಚ್ ಕೊನೆಗೆ ಒಂದೆಲಗ ಒಣಗಿ ಹೋಯಿತು. ಬಚ್ಚಲ ನೀರು ಹರಿಯುವ ಕೆಳಗಿನ ಎರಡು ಅಡಿಯ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಜರಿಗಿಡ ಹತ್ತರಲ್ಲಿ ಮೂರು ಉಳಿದವು, ಮೂರೂ ಧರೆಯ ಕಲ್ಲಿನ ಸಂದಿಯಲ್ಲಿದ್ದವು.

2024ರ ಜೂನ್ ಮೊದಲ ವಾರ, ರೋಹಿಣಿ ಮಳೆ ಎರಡು ದಿನ ಹೊಡೆದ ಮೇಲೆ ಸೊಪ್ಪಿನಬೆಟ್ಟದ ಕಡೆ ಹೋದೆ. ಅಲ್ಲಿ ಮುಳ್ಳುಬಿದಿರಿನ ದೊಡ್ಡ ಮೆಳೆಗಳಿವೆ. ದೂರದಿಂದ ನೋಡಿದರೆ ಬುಡ ಬರಿದು, ದರಕು ಮಾತ್ರ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ದರಕನ್ನು ಚುಚ್ಚಿಕೊಂಡು ಹಸಿರು ಮೊಳಕೆಗಳು ಎದ್ದಿದ್ದವು. ಸುರುಳಿ ಸುತ್ತಿದ ಎಲೆ, ತುದಿ ಸೂಜಿಯಷ್ಟು ಚೂಪು. ಒಂದು ಮೊಳಕೆ ಏಳೆಂಟು ಬಿದಿರೆಲೆಗಳನ್ನು ಒಟ್ಟಿಗೇ ತೂತು ಮಾಡಿ, ಕಾಗದ ಪೋಣಿಸಿದ ಹಾಗೆ ಮೈಗೆ ಸಿಕ್ಕಿಸಿಕೊಂಡು ಮೇಲೆ ಬಂದಿತ್ತು. ಕಾಡು ಅರಿಶಿನ. ಅದರ ಪಕ್ಕದಲ್ಲಿ ಎಲೆಗಿಂತ ಮುಂಚೆ ಬಂದ ಅದರ ಹೂಗೊನೆ, ನಸುಗೆಂಪು ತುದಿಯದು. ನಾನು ದಿನಾ ಹೆಕ್ಕುತ್ತಿದ್ದ ದರಕು ಈ ಗಿಡಕ್ಕೆ ಹೊರೆಯೇ ಅಲ್ಲ. ಅದು ಅದರ ಕಂಬಳಿ.

ಮನೆಗೆ ಬಂದು ಬಿದಿರಿನ ವರ್ಷವನ್ನೂ ಅರಿಶಿನದ ವರ್ಷವನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದೆ. ಬಿದಿರು ಜೂನ್‌ನಿಂದ ಆಗಸ್ಟ್‌ವರೆಗೆ ಕಳಲೆ ಬಿಡುತ್ತದೆ. ನಾವು ಗಳ ಕಡಿಯುವುದು ಮಳೆ ನಿಂತು ನೆಲ ಆರಿದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿ. ಆ ಹೊತ್ತಿಗೆ ಬುಡದಲ್ಲಿ ಜನ ಓಡಾಡುತ್ತಾರೆ, ಗಳ ಎಳೆಯುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ಎಲೆ ಉದುರುವ ಕಾಲ, ನೆಲ ತೀರಾ ಒಣಗುವ ಕಾಲ. ಅರಿಶಿನದ ಜಾತಿಯ ಗಿಡಗಳು ಜೂನ್‌ನಲ್ಲಿ ಏಳುತ್ತವೆ, ಮಳೆಗಾಲ ಪೂರ್ತಿ ಎಲೆ ಹರಡುತ್ತವೆ, ಡಿಸೆಂಬರ್-ಜನವರಿಯಲ್ಲಿ ಎಲೆ ಒಣಗಿ ಮಣ್ಣೊಳಗೆ ಮಲಗುತ್ತವೆ. ತುಳಿದರೂ ಅವಕ್ಕೆ ಗೊತ್ತಾಗುವುದಿಲ್ಲ. ನೀರು ಕೇಳುವುದಿಲ್ಲ. ಬಿದಿರಿನ ಜೊತೆ ಬಾಯಾರಿಕೆಯ ಜಗಳವೇ ಇಲ್ಲ. ಮಣ್ಣಿಗೆ ಕಾವಲು ಬೇಕಾಗಿರುವುದು ಮಳೆ ಹೊಡೆಯುವ ನಾಲ್ಕು ತಿಂಗಳು, ಸರಿಯಾಗಿ ಆಗಲೇ ಅವು ಎದ್ದಿರುತ್ತವೆ. ಬೇಸಿಗೆಯಲ್ಲಿ ನೆಲ ಮುಚ್ಚುವ ಕೆಲಸ ದರಕು ಮಾಡುತ್ತದೆ. ನಾನು ವರ್ಷವಿಡೀ ಹಸಿರು ಬೇಕು ಅಂತ ಹಟ ಮಾಡಿದ್ದೇ ತಪ್ಪು.

ಇನ್ನು ಕೆಲಸದ ಕ್ರಮ.

ಹೊರಗಿನ ಗಳದಿಂದ ಮೂರು ಅಡಿವರೆಗೆ ಏನೂ ನೆಡಲಿಲ್ಲ. ಹೊಸ ಕಳಲೆ ಏಳುವುದು ಆ ಜಾಗದಲ್ಲೇ. ಅಲ್ಲಿ ಗಿಡ ಇದ್ದರೆ ಕಳಲೆ ಕಾಣದೆ ತುಳಿಯುತ್ತೇವೆ, ಕಳಲೆಯ ತುದಿ ಮುರಿದರೆ ಆ ಗಳ ಹೋದ ಹಾಗೇ. ಆ ಮೂರು ಅಡಿಗೆ ಎರಡು ಮೂರು ಇಂಚು ಮಣ್ಣು ಏರಿಸಿದೆ. ಕಾಲುವೆಯಿಂದ ತೋಡಿ ತೆಗೆದಿದ್ದ ಅದೇ ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ಹಾಕಿದೆ. ಹೊರಗೆ ಕಾಣುತ್ತಿದ್ದ ಗಡ್ಡೆಗಳು ಮುಚ್ಚಿದವು. ಅದರ ಮೇಲೆ ದರಕು ವಾಪಸ್ ಹೊದಿಸಿದೆ. ಬಿದಿರಿಗೂ ಮಣ್ಣು ಏರಿಸುವುದು ಒಳ್ಳೆಯದೇ, ಗಡ್ಡೆ ಮೇಲಕ್ಕೆ ಎದ್ದು ಬರುವ ಮೆಳೆಗೆ ಮಾಡಲೇಬೇಕಾದ ಕೆಲಸ.

ಮೂರು ಅಡಿಯಿಂದ ಎಂಟು ಅಡಿವರೆಗಿನ ಸುತ್ತಿನಲ್ಲಿ ಗೆಡ್ಡೆ ಗಿಡಗಳು. ಇಳಿಜಾರಿಗೆ ಅಡ್ಡಲಾಗಿ ಸಾಲು, ಮೇಲಿನ ಸಾಲಿನ ಎರಡು ಗಿಡದ ಸಂದಿಗೆ ಕೆಳಗಿನ ಸಾಲಿನ ಗಿಡ ಬರುವ ಹಾಗೆ. ಎಲ್ಲಿಯೂ ಗುದ್ದಲಿಯಲ್ಲಿ ಅಗೆಯಲಿಲ್ಲ. ಇಳಿಜಾರಿನಲ್ಲಿ ನೆಲ ಅಗೆದು ಸಡಿಲ ಮಾಡಿದರೆ ಮೊದಲ ಜೋರು ಮಳೆಗೇ ಹೋಗುತ್ತದೆ. ಬದಲಿಗೆ ಹಾರೆ. ಹಾರೆಯನ್ನು ಒಂದು ಗೇಣು ಆಳಕ್ಕೆ ಕುಟ್ಟಿ, ಸುತ್ತ ತಿರುಗಿಸಿ, ಮುಷ್ಟಿ ಹಿಡಿಯುವಷ್ಟು ಕುಳಿ ಮಾಡಬೇಕು. ಬೇರು ಹರಿಯುವ ಸದ್ದು ಕೇಳುತ್ತದೆ, ಹೆದರಬೇಕಾಗಿಲ್ಲ, ಮೆಳೆಗೆ ಅದು ಏನೂ ಅಲ್ಲ. ಕುಳಿಗೆ ಒಂದು ಮುಷ್ಟಿ ಹಳೆ ಗೊಬ್ಬರ, ಒಂದು ಚಿಟಿಕೆ ಬಚ್ಚಲೊಲೆಯ ಬೂದಿ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಹುಳಿ ಜಾಸ್ತಿ, ಬೂದಿ ಅದನ್ನು ತಗ್ಗಿಸುತ್ತದೆ. ಆಮೇಲೆ ಗೆಡ್ಡೆ.

ಗೆಡ್ಡೆಯ ತುಂಡು ದೊಡ್ಡದಿರಬೇಕು. ಗದ್ದೆಯಲ್ಲಿ ಅರಿಶಿನ ಹಾಕುವಾಗ ಸಣ್ಣ ತುಂಡೂ ನಡೆಯುತ್ತದೆ. ಇಲ್ಲಿ ಬಿದಿರಿನ ಬೇರು ಒಂದೇ ಮಳೆಗಾಲದಲ್ಲಿ ಆ ಕುಳಿಯನ್ನು ತುಂಬುತ್ತದೆ. ಅಷ್ಟರೊಳಗೆ ಗಿಡ ತನ್ನ ಬುಡ ಗಟ್ಟಿ ಮಾಡಿಕೊಳ್ಳಬೇಕು. ಹೆಬ್ಬೆರಳಿಗಿಂತ ದಪ್ಪ, ಎರಡು ಮೂರು ಕಣ್ಣು, ಮೊಳಕೆ ಆಗಲೇ ಒಡೆದಿರುವುದು. ಅದಕ್ಕೇ ನೆಡುವ ಮುಂಚೆ ಗೆಡ್ಡೆಗಳನ್ನು ಅಡಿಕೆ ಹಾಳೆಯ ಮೇಲೆ ಹರಡಿ, ಒದ್ದೆ ಗೋಣಿ ಮುಚ್ಚಿ, ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದೆ.

ಮೃಗಶಿರಾ ಮಳೆಯಲ್ಲಿ, ಜೂನ್ 12ರಿಂದ ನಾಲ್ಕು ದಿನ ನೆಟ್ಟೆವು. ಇಂಬಳದ ಕಾಟ ಹೇಳತೀರದು. ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡೇ ಕೆಲಸ.

ಈಗ ಗಿಡಗಳ ಮಾತು. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗಿದ್ದು ಕಚ್ಚೂರ. ಈ ಹೆಸರಲ್ಲಿ ಸ್ವಲ್ಪ ಗೊಂದಲ ಇದೆ. ಉದ್ದ ಎಲೆಯ ಒಂದು ಅರಿಶಿನದ ಜಾತಿಗೂ ಕೆಲವರು ಇದೇ ಹೆಸರು ಹೇಳುತ್ತಾರೆ. ನಾನು ಹೇಳುವುದು ನೆಲಕ್ಕೆ ಅಂಟಿಕೊಂಡು ಎಲೆ ಬಿಡುವ ಕಚ್ಚೂರ, ಕೆಂಪ್ಫೇರಿಯಾ ಗಲಂಗಾ. ಒಂದು ಬುಡಕ್ಕೆ ಎರಡೋ ಮೂರೋ ಎಲೆ, ಅಂಗೈಯಷ್ಟು ಅಗಲ, ಗುಂಡಗೆ. ಎಲೆ ಮೇಲೆ ಏಳುವುದಿಲ್ಲ. ತಟ್ಟೆ ಮಗುಚಿ ಇಟ್ಟ ಹಾಗೆ ಮಣ್ಣಿಗೆ ಒತ್ತಿಕೊಂಡು ಮಲಗುತ್ತದೆ. ಬಿದಿರಿನ ದಪ್ಪ ಹನಿ ಆ ಎಲೆಯ ಮೇಲೆ ಟಪ್ ಅಂತ ಬಿದ್ದು ಚೂರಾಗಿ ಪಕ್ಕಕ್ಕೆ ಇಳಿಯುತ್ತದೆ. ಕೆಳಗಿನ ಮಣ್ಣು ಅಲ್ಲಾಡುವುದಿಲ್ಲ. ಜುಲೈ ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಂತಿದ್ದೆ. ಬರಿ ನೆಲದ ಕಡೆ ಕೆಂಪು ನೀರು ಸಿಡಿಯುತ್ತಿತ್ತು, ಕಚ್ಚೂರದ ಕಡೆ ನೀರು ತಿಳಿ. ಮಧ್ಯೆ ಬಿಳಿ ಹೂವು, ಅದರಲ್ಲೊಂದು ನೇರಳೆ ಮಚ್ಚೆ. ಗೆಡ್ಡೆ ಮುರಿದರೆ ಕರ್ಪೂರದ ಹಾಗೆ ಘಮ. 60 ತುಂಡು ನೆಟ್ಟಿದ್ದರಲ್ಲಿ 53 ಎದ್ದವು. ಒಂದಡಿಗೆ ಒಂದರಂತೆ ನೆಟ್ಟಿದ್ದೆ. ಮತ್ತೊಮ್ಮೆ ನೆಡುವುದಾದರೆ ಮುಕ್ಕಾಲು ಅಡಿಗೆ ಒಂದು ನೆಡುತ್ತೇನೆ, ಮೊದಲ ವರ್ಷ ಸಂದಿ ಜಾಸ್ತಿ ಉಳಿಯಿತು.

ಅದರ ಬಂಧು ನೆಲಸಂಪಿಗೆ. ಇದರ ಎಲೆ ನಿಂತುಕೊಳ್ಳುತ್ತದೆ, ಒಂದಡಿ ಎತ್ತರ, ಮೇಲೆ ಬೂದು ಹಸಿರಿನ ಚಿತ್ತಾರ, ಅಡಿಗೆ ನೇರಳೆ. ಮಣ್ಣು ಕಾಯುವುದರಲ್ಲಿ ಕಚ್ಚೂರಕ್ಕಿಂತ ಸ್ವಲ್ಪ ಹಿಂದೆ. ಆದರೆ ಇದು ಮಳೆಗೆ ಮುಂಚೆ, ಎಲೆ ಇಲ್ಲದೆ, ನೆಲದಿಂದ ನೇರ ಹೂ ಬಿಡುತ್ತದೆ. 20 ಗೆಡ್ಡೆ ಹಾಕಿದೆ.

ಮಾವಿನ ಶುಂಠಿ ಮತ್ತು ಅರಿಶಿನ ಎರಡೂ ಸೇರಿ ನಾಲ್ಕು ಕೆ.ಜಿ. ಬೀಜದ ಗೆಡ್ಡೆ. ಎಂಟನೇ ಅಡಿಯ ಕಡೆ, ಬೆಳಕು ಸ್ವಲ್ಪ ಜಾಸ್ತಿ ಇರುವಲ್ಲಿ. ಎರಡೂ ಎರಡು ಮೂರು ಅಡಿ ಎತ್ತರ ಹೋದವು, ಎಲೆಗೆ ಎಲೆ ಕೂಡಿದವು. ಬಿಸಿಲಿನ ಬೆಳೆಯಷ್ಟು ಇಳುವರಿ ನಿರೀಕ್ಷೆ ಮಾಡಬೇಡಿ. ಇಲ್ಲಿ ಇವುಗಳ ಕೆಲಸ ಮಣ್ಣು ಹಿಡಿಯುವುದು, ಉಪ್ಪಿನಕಾಯಿಗೆ ಒಂದು ಬೊಗಸೆ ಸಿಕ್ಕರೆ ಸಾಕು. ಇಳಿಜಾರಿನಲ್ಲಿ ಗೆಡ್ಡೆ ಕೀಳುವುದೆಂದರೆ ಮತ್ತೆ ನೆಲ ಕೆದಕಿದ ಹಾಗೆ. ಅದಕ್ಕೆ ಕೆಳಗಿನ ಒಂದೇ ಸಾಲಿನಿಂದ ಕೀಳುತ್ತೇನೆ, ಅದೂ ಒಂದು ಬಿಟ್ಟು ಒಂದು ಬುಡ. ಉಳಿದದ್ದು ಅಲ್ಲೇ ಇರಬೇಕು.

ಕೂವೆಯ ಮೇಲೆ ತುಂಬಾ ಆಸೆ ಇಟ್ಟಿದ್ದೆ. ನೆರಳಿಗೆ ಜಗ್ಗುವುದಿಲ್ಲ, ಎಲೆ ದಟ್ಟ, ಗೆಡ್ಡೆ ಅರೆದು ಸೋಸಿ ತಿಳಿ ಬಸಿದರೆ ಕೂವೆ ಹಿಟ್ಟು. ಮಗುವಿಗೂ ಕಾಯಿಲೆಯವರಿಗೂ ಅದರ ಗಂಜಿ. ಗಿಡ ಚೆನ್ನಾಗಿಯೇ ಬಂತು. ಅಕ್ಟೋಬರ್‌ನಲ್ಲಿ, ಭೂಮಿ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಒಂದು ರಾತ್ರಿ ಕಾಡುಹಂದಿ ಬಂದು ಆ ಸಾಲನ್ನು ಉತ್ತ ಹಾಗೆ ಮಾಡಿ ಹೋಯಿತು. ಅದೇ ಸಾಲಿನ ಪಕ್ಕದ ಅರಿಶಿನವನ್ನಾಗಲಿ ಕಚ್ಚೂರವನ್ನಾಗಲಿ ಮುಟ್ಟಲಿಲ್ಲ. ಕಾಡಿನ ಅಂಚಿನ ಮನೆಯಾದರೆ ಕೂವೆಯನ್ನೂ ಕೆಸುವನ್ನೂ ಧರೆಯ ಮೇಲೆ ಹಾಕಬೇಡಿ, ಬೇಲಿಯ ಒಳಗೆ ಹಾಕಿ.

ವರ್ಷವಿಡೀ ಹಸಿರು ಬೇಕಾಗಿರುವ ಜಾಗ ಒಂದೇ, ಹಿತ್ತಿಲ ಮೆಟ್ಟಿಲ ಅಂಚು. ಅಲ್ಲಿಗೆ ಮಾಂಡೋ ಹುಲ್ಲು. ಹುಲ್ಲಿನ ಹಾಗೆ ಕಂಡರೂ ಹುಲ್ಲಲ್ಲ. ತೀರಾ ನಿಧಾನ, ಎರಡು ವರ್ಷಕ್ಕೆ ಅಂಗೈ ಅಗಲ ಆಯಿತು. ಆದರೆ ಬಿದಿರಿನ ಬೇರಿನ ಮಧ್ಯೆಯೂ ಜಾಗ ಮಾಡಿಕೊಳ್ಳುತ್ತದೆ, ಎಲೆ ಬಿದ್ದರೆ ಕೈಯಾಡಿಸಿದರೆ ಸಾಕು. ಕಲ್ಲು ಕಟ್ಟಿದ ಅಂಚಿಗೆ ದೊಡ್ಡಪತ್ರೆ, ಅದರ ದಪ್ಪ ಎಲೆಯಲ್ಲಿ ನೀರು ತಾನೇ ಇಟ್ಟುಕೊಳ್ಳುತ್ತದೆ. ಬಚ್ಚಲ ನೀರಿನ ಪಟ್ಟಿಗೆ ಅದೇ ಒಂದೆಲಗ. ಪಿಂಟೋ ಕಡಲೆ ಪಡುವಣದ ಬಿಸಿಲ ಅಂಚಿನಲ್ಲಿ ಉಳಿದಿದೆ, ಅದಕ್ಕೆ ಅದು ಸರಿಯಾದ ಜಾಗ.

ನರ್ಸರಿಯವರು ವೆಡೇಲಿಯಾ ಕೊಡಲು ಬಂದರು. ಹಳದಿ ಹೂವು, ಹೊಳೆಯುವ ಎಲೆ, ಒಂದು ವರ್ಷದಲ್ಲಿ ನೆಲ ಕಾಣದ ಹಾಗೆ ಮುಚ್ಚುತ್ತದೆ. ದಯವಿಟ್ಟು ತರಬೇಡಿ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹಿತ್ತಿಲಿಂದ ಹಳ್ಳಕ್ಕೆ, ಹಳ್ಳದಿಂದ ಕಾನಿಗೆ ಇಳಿಯುತ್ತದೆ. ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಸಿಂಗೋನಿಯಂ ಕೂಡ ಅಷ್ಟೇ, ನೆಲ ಮುಚ್ಚಿದ ಮೇಲೆ ಗಳ ಹಿಡಿದು ಮೇಲೆ ಹತ್ತುತ್ತದೆ. ಲಾಂಟಾನ, ಯುಪಟೋರಿಯಂ ಕಳೆಗಳು ನಮ್ಮ ಬೇಣಗಳನ್ನು (ಹುಲ್ಲುಗಾವಲು) ಏನು ಮಾಡಿವೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಅದೇ ತಪ್ಪನ್ನು ದುಡ್ಡು ಕೊಟ್ಟು ತರುವುದು ಬೇಡ.

ದರಕಿನ ವಿಷಯದಲ್ಲಿ ಎರಡು ಮಾತು. ಬಿದಿರೆಲೆಯಲ್ಲಿ ಸಿಲಿಕಾ ಜಾಸ್ತಿ, ಮರಳಿನಲ್ಲಿರುವ ಅದೇ ವಸ್ತು. ಅದಕ್ಕೇ ಹಲಸಿನ ಎಲೆಯಷ್ಟು ಬೇಗ ಕೊಳೆಯುವುದಿಲ್ಲ. ಗುಡಿಸಿ ಸುಡುವವರಿದ್ದಾರೆ. ಸುಟ್ಟರೆ ಬುಡದ ಕಣ್ಣುಗಳೂ ಬೇಯುತ್ತವೆ, ನೆಲವೂ ಬರಿದಾಗುತ್ತದೆ. ನಾನು ಮೂರು ಇಂಚು ಬಿಟ್ಟು ಜಾಸ್ತಿಯಾದದ್ದನ್ನು ಮಾತ್ರ ಹೆಡಿಗೆಯಲ್ಲಿ ತುಂಬಿ ಕೊಟ್ಟಿಗೆಗೆ ಹಾಸಲು ಒಯ್ಯುತ್ತೇನೆ. ಅದು ಗೊಬ್ಬರವಾಗಿ ಮತ್ತೆ ಇಲ್ಲಿಗೇ ಬರುತ್ತದೆ. ಉಳಿದ ದರಕಿನ ಮೇಲೆ ಮೇ ತಿಂಗಳಲ್ಲಿ, ಕೃತ್ತಿಕಾ ಮಳೆಯ ಒಂದು ಹನಿ ಬಿದ್ದ ಮೇಲೆ, ಸಗಣಿ ಬಗ್ಗಡ ಚಿಮುಕಿಸುತ್ತೇನೆ. ಹೆಂಚಿನ ಹಾಗೆ ಅಂಟಿದ್ದ ಪದರ ಸಡಿಲ ಆಗುತ್ತದೆ, ಮೊದಲ ಮಳೆ ಜಾರದೆ ಒಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ದರಕು ಬೆಂಕಿಗೆ ಮೇವು, ಅದಕ್ಕೆ ಮನೆಯ ಕಡೆ ನಾಲ್ಕು ಅಡಿ ಅಗಲಕ್ಕೆ ಪೂರ್ತಿ ಗುಡಿಸಿ ಬೆಂಕಿಗೆರೆ ಮಾಡಿದ್ದೇನೆ. ಕೈ ಹಾಕುವ ಮುಂಚೆ ಕೋಲಿನಲ್ಲಿ ಕೆದಕಿ. ದರಕಿನ ಬಣ್ಣದ ಗುಳಿಮಂಡಲ ಹಾವುಗಳು ನಮ್ಮ ಕಡೆ ಇವೆ, ಬಿದಿರಿನ ಮೇಲೆ ಹಸಿರು ಜಾತಿಯೂ ಇರುತ್ತದೆ.

ನಿಮ್ಮದು ದೊಡ್ಡ ಮುಳ್ಳುಬಿದಿರಾದರೆ ಇನ್ನೊಂದು ಗಮನದಲ್ಲಿರಲಿ. ಅದು 40-45 ವರ್ಷಕ್ಕೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗುತ್ತದೆ. ಆಗ ಬುಡಕ್ಕೆ ಒಮ್ಮೆಲೇ ಬಿಸಿಲು ಬೀಳುತ್ತದೆ. ಅರಿಶಿನ, ಮಾವಿನ ಶುಂಠಿ ಬಿಸಿಲಿಗೂ ಒಗ್ಗುತ್ತವೆ. ಕಚ್ಚೂರಕ್ಕೆ ಸ್ವಲ್ಪ ಮರೆ ಮಾಡಿಕೊಡಬೇಕಾಗುತ್ತದೆ. ಎರಡನ್ನೂ ಬೆರೆಸಿ ಹಾಕಿದ್ದರೆ ನೆಲ ಒಂದೇ ಸಲ ಬರಿದಾಗುವುದಿಲ್ಲ.

2024ರ ಜುಲೈ ಮಳೆ ಹೇಗಿತ್ತು ಅಂತ ಎಲ್ಲರಿಗೂ ನೆನಪಿದೆ. ವಾರಗಟ್ಟಲೆ ಬಿಡಲೇ ಇಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲ ಕಾಲುವೆ ನೋಡುತ್ತಿದ್ದೆ. ಮೇಲಿನ ಮೂಲೆಯಿಂದ ಒಂದು ಸಣ್ಣ ಕೊರಕಲು ಬಿದ್ದಿತು, ಅಲ್ಲಿ ಗಿಡ ಎದ್ದಿರಲಿಲ್ಲ. ಒಣ ಬಿದಿರು ಗಳದ ಎರಡು ತುಂಡು ಅಡ್ಡ ಮಲಗಿಸಿ, ಗೂಟ ಹೊಡೆದು ತಡೆ ಹಾಕಿದೆ. ಕಾಲುವೆಯಲ್ಲಿ ಆ ಮಳೆಗಾಲ ಪೂರ್ತಿ ಸೇರಿದ ಮಣ್ಣು ಎರಡು ಬುಟ್ಟಿ. 2022ರಲ್ಲಿ ಬುಟ್ಟಿ ಲೆಕ್ಕ ಇಟ್ಟಿರಲಿಲ್ಲ, ಗಾಡಿಯಲ್ಲಿ ಹೊರಬೇಕಾಗಿತ್ತು. ಆ ವರ್ಷ ಹೊಸ ಗಳ ಒಂಬತ್ತು ಎದ್ದವು. ನಾಲ್ಕು ಕಳಲೆ ಅಡಿಗೆಗೆ ತೆಗೆದೆ. ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಚೆಲ್ಲಿ ಹೊಸದು ಹಾಕಿ ಆಮೇಲೆ ಬೇಯಿಸಬೇಕು, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ.

ಒಂದು ಪ್ರಯತ್ನ ಕೈಗೂಡಲಿಲ್ಲ. ಬಿದಿರಿನ ಬೇರು ತಡೆಯಲು ಹಳೆ ಸಿಮೆಂಟ್ ಚೀಲದಲ್ಲಿ ಮಣ್ಣು ತುಂಬಿ, ನೀರು ಬಸಿಯಲು ಅಡಿಗೆ ನಾಲ್ಕು ತೂತು ಹಾಕಿ, ಹೂತು ಅರಿಶಿನ ನೆಟ್ಟಿದ್ದೆ. ಜನವರಿಯಲ್ಲಿ ಎತ್ತಿದರೆ ಚೀಲ ಕಲ್ಲಿನಂತೆ ಗಟ್ಟಿ. ಆ ನಾಲ್ಕು ತೂತಿನಿಂದಲೇ ಬೇರು ಒಳಗೆ ಬಂದು ಚೀಲ ತುಂಬಿತ್ತು. ಅರಿಶಿನ ಬೆರಳಿನಷ್ಟೂ ಕಟ್ಟಿರಲಿಲ್ಲ. ಬರಿ ಕುಳಿಯಲ್ಲಿ ನೆಟ್ಟಿದ್ದೇ ಇದಕ್ಕಿಂತ ಚೆನ್ನಾಗಿ ಬಂದಿತ್ತು. ಬೇರಿಗೆ ಗೋಡೆ ಕಟ್ಟುವ ಕೆಲಸಕ್ಕೆ ಮತ್ತೆ ಕೈ ಹಾಕುವುದಿಲ್ಲ.

2025ರ ಜನವರಿಯಲ್ಲಿ ಏಳು ಗಳ ಕಡಿಸಿದೆ. ಕಡಿಯಲು ಬಂದವರು ಕಚ್ಚೂರದ ಜಾಗದ ಮೇಲೆಯೇ ಗಳ ಎಳೆದರು. ಎದೆ ಝಲ್ ಅಂದರೂ ತಡೆಯಲಿಲ್ಲ, ಎಲ್ಲ ಮಣ್ಣೊಳಗೆ ಮಲಗಿದ್ದವು. ಮಾರ್ಚ್‌ನಲ್ಲಿ ದರಕು ಬಿತ್ತು. ನಾನು ಒಂದು ಎಲೆ ಹೆಕ್ಕಲಿಲ್ಲ, ಒಂದು ಕೊಡ ನೀರು ಹಾಕಲಿಲ್ಲ.

ಏಪ್ರಿಲ್ 27, ಭರಣಿ ಮಳೆ ಹುಟ್ಟುವ ದಿನ. ಹಿಂದಿನ ಸಂಜೆ ಗುಡುಗಿ ನಾಲ್ಕು ಹನಿ ಬಿದ್ದಿತ್ತು. ಬೆಳಿಗ್ಗೆ ಅತ್ತೆ ಹಿತ್ತಿಲಿಂದ ಕೂಗಿದರು, "ಬಾರೇ ಇಲ್ಲಿ, ನಿನ್ನ ಸಂಪಿಗೆ ಎದ್ದಿದೆ." ದರಕಿನ ನಡುವೆ ಎಲೆಯೂ ಇಲ್ಲ, ಕಾಂಡವೂ ಇಲ್ಲ, ಬಿಳಿ ನೇರಳೆ ಹೂ ಮಾತ್ರ, ಯಾರೋ ಕಿತ್ತು ನೆಲದ ಮೇಲೆ ಇಟ್ಟ ಹಾಗೆ. ಏಳು ಹೂವು ಎಣಿಸಿದೆವು. ಅತ್ತೆ ಒಂದನ್ನೂ ಕೀಳಲು ಬಿಡಲಿಲ್ಲ.

ಆ ವರ್ಷ ಮುಂಗಾರು ಬೇಗ ಬಂತು, ಮೇ ಕೊನೆ ವಾರಕ್ಕೇ ಹಿಡಿಯಿತು. ಜೂನ್ 8ಕ್ಕೆ ಎಣಿಸಿದಾಗ ಕಚ್ಚೂರ 53 ಇದ್ದದ್ದು 110 ಬುಡ ಆಗಿತ್ತು. ಮೇಲಿನ ಮೂಲೆಯ ಕೊರಕಲಿಗೆ ಅದರಿಂದಲೇ 30 ಬುಡ ಎಬ್ಬಿಸಿ ನೆಟ್ಟಿದ್ದೇನೆ, ಈ ಸಲ ಮುಕ್ಕಾಲು ಅಡಿಗೆ ಒಂದು. ಪಕ್ಕದ ಮನೆಯವರಿಗೂ ಒಂದು ಹಾಳೆಯ ತುಂಬ ಕೊಟ್ಟೆ, ಅವರದು ಮುಳ್ಳುಬಿದಿರಿನ ಮೆಳೆ. ಅಲ್ಲಿ ಹೇಗೆ ಬರುತ್ತದೆ ಅಂತ ಇನ್ನು ನೋಡಬೇಕು.